ಬಾದನಹಟ್ಟಿಯಲ್ಲಿ ರಸ್ತೆ ಇರುವುದಿಲ್ಲ

ಎರಡು ಸಾವಿರದ ಎಂಟನೇ ಇಸವಿಯಲ್ಲಿ ಬಳ್ಳಾರಿ, ಕುರುಗೋಡು ಮತ್ತು ಸಿರುಗುಪ್ಪದ ಸುತ್ತ ಮಂಜೂರಾದ ಪ್ರತಿಯೊಂದು ರಸ್ತೆಯೂ ಪೂರ್ಣಗೊಂಡಿತ್ತು. ಇದು ಮಾರ್ಗ ದಾಖಲಾತಿ ಕಚೇರಿಯ ವಹಿಯಲ್ಲಿದ್ದ ಮಾತು, ಆದ್ದರಿಂದ ಸತ್ಯ. ಅದಿರು ಲಾರಿಗಳು ಓಡಿ ಓಡಿ ಡಾಂಬರನ್ನೂ ಅದರಡಿಯ ಜಲ್ಲಿಯನ್ನೂ ಎಬ್ಬಿಸಿ, ಮೊಣಕಾಲುದ್ದ ಕೆಂಪು ಧೂಳು ಉಳಿಸಿದ್ದವು ಎಂಬುದು ಬರೀ ಕಣ್ಣಿಗೆ ಕಾಣುವ ಮಾತು. ಅದು ವಹಿಯಲ್ಲಿರಲಿಲ್ಲ.

ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ, ಹಳೆಯ ಕುದುರೆ ಲಾಯದ ಗೋಡೆಗೆ ಬೆನ್ನು ಕೊಟ್ಟು ದಾವಲಸಾಬನ ತಗಡಿನ ಶೆಡ್ಡು ನಿಂತಿತ್ತು. ಹತ್ತು ಟನ್ನಿನ ಟಿಪ್ಪರಿಗೆ ಕಮಾನು ಪಟ್ಟಿ ಹೆಚ್ಚಿಗೆ ಸೇರಿಸಿ ಹದಿನೆಂಟು ಟನ್ ಹೊರುವಂತೆ ಮಾಡುವುದು ಅವನ ಕಸುಬು. ಅಂದಮೇಲೆ ರಸ್ತೆ ಹಾಳಾದದ್ದರಲ್ಲಿ ಅವನ ಕೈಯೂ ಇತ್ತು. ಆದರೆ ಅದನ್ನೆಲ್ಲ ಯೋಚಿಸುವ ಕುರ್ಚಿಯಲ್ಲಿ ಅವನು ಕೂತಿರಲಿಲ್ಲ. ಗಾಡಿಯ ಕೆಳಗೆ ಮಲಗಿದ್ದ.

ಅಲ್ಲಿಗೆ ಒಂದು ದಿನ ಹನುಮೇಶ್ ಬಂದ. ಮೂರು ವರ್ಷದ ಹಿಂದೆ ಮೆಣಸಿನಕಾಯಿ ಬೆಳೆಯುತ್ತಿದ್ದ ಹೊಲದಲ್ಲಿ ಅದಿರು ರಾಶಿ ಹಾಕಿಸಿ ಧಣಿಯಾದವನು. ವಿದೇಶಿ ಗಾಡಿಗಳು ಆಗ ಬಳ್ಳಾರಿಯಲ್ಲಿ ಎಮ್ಮೆಗಳಷ್ಟೇ ಸಾಮಾನ್ಯ. ಹನುಮೇಶನದು ಮಾತ್ರ ಇಡೀ ರಾಜ್ಯದಲ್ಲಿ ಎರಡೇ ಇದ್ದ ಜಾತಿಯದು. ಇನ್ನೊಂದರ ಮಾಲೀಕ ಅದನ್ನು ಮಾರಲು ಗಿರಾಕಿ ಹುಡುಕುತ್ತಿದ್ದ.

“ಸಾಬಾ, ಇದನ್ನ ಕಲ್ಲು, ಮುಳ್ಳು, ನೀರು ಎಲ್ಲಾ ದಾಟಂಗ ಮಾಡಿಕೊಡು. ಇಲ್ಲಿಂದ ಕೆಂಚನಗುಡ್ಡಕ್ಕ ಟೂರ್ ಹೊಡೀಬೇಕು. ಹೊಳಿಗೆ ಇಳೀಬೇಕು. ನಡುವ ಎಲ್ಲೂ ರಸ್ತೆ ಮುಟ್ಟಬಾರ್ದು.”

“ಈಗರ ಎಲ್ಲಿ ಮುಟ್ತೀರಿ ಧಣಿ? ಸಿರುಗುಪ್ಪದ ಬಸ್ಸೂ ಹಂಗ ಹೋಗ್ತಾವ.”

“ಬಸ್ ಹೋಗೋದು ಕರ್ಮ,” ಎಂದ ಹನುಮೇಶ್. “ಇದು ಶೋಕಿ.”

ಇಂಥ ಗಾಡಿಗೆ ಸಾಮಾನು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ದಾವಲಸಾಬ್ ಎಲ್ಲವನ್ನೂ ಕೈಯಿಂದಲೇ ಮಾಡಿದ. ಗಾಳಿ ತುಂಬಿದ ನಾಜೂಕು ಸಸ್ಪೆನ್ಶನ್ ಕಳಚಿ ಸ್ಪ್ರಿಂಗು ಕೂರಿಸಿ ಗಾಡಿಯನ್ನು ನಾಲ್ಕು ಇಂಚು ಎತ್ತಿದ. ಹೊಳೆಯಲ್ಲಿ ಇಂಜಿನ್ನಿಗೆ ಉಸಿರು ಬೇಕಲ್ಲ, ಬೋರ್‌ವೆಲ್ಲಿನ ಪೈಪನ್ನು ಬಗ್ಗಿಸಿ ಬಾನೆಟ್ಟಿನ ಪಕ್ಕದಿಂದ ತಲೆಯ ಮೇಲಕ್ಕೆ ಮೂಗು ಎಳೆದ. ಮರಳಲ್ಲಿ ಸಿಕ್ಕಿಬಿದ್ದರೆ ಚಕ್ರದಡಿ ಹಾಸಲು ಅದಿರು ಜರಡಿಯ ಹಳೆ ತಟ್ಟೆ ಎರಡನ್ನು ಟಾಪಿಗೆ ಬಿಗಿದ. ಒಳಗಿನ ಬಿಳಿ ಚರ್ಮದ ಸೀಟುಗಳನ್ನು ಮುಟ್ಟಲಿಲ್ಲ. ಗಾಡಿ ಎಷ್ಟು ಎತ್ತರವಾಯಿತೆಂದರೆ ಹನುಮೇಶ್ ಹತ್ತಲು ಪ್ಲಾಸ್ಟಿಕ್ ಸ್ಟೂಲು ಇಡಬೇಕಾಯಿತು. ಅದಕ್ಕೂ ಟಾಪಿನ ಮೇಲೆ ಜಾಗ ಮಾಡಿದ್ದಾಯಿತು.

ಕೆಲಸ ಮುಗಿದ ಮರುದಿನ ವಾಹನ ಮಾರ್ಪಾಡು ತಪಾಸಣಾ ಕಚೇರಿಯಿಂದ ಅಧಿಕಾರಿ ಸಾವಂತ್ರಮ್ಮ ಬಂದರು. ಗಾಡಿಯನ್ನು ಒಂದು ಸುತ್ತು ಹಾಕಿ, ನಿಯಮ ಓದಿದರು.

“ರಸ್ತೆಯಿಲ್ಲದ ದಾರಿಗಾಗಿ ಮಾರ್ಪಡಿಸಿದ ವಾಹನವನ್ನು ರಸ್ತೆಯಿಲ್ಲದ ದಾರಿಯಲ್ಲಿಯೇ ಓಡಿಸಿ ತಪಾಸಣೆ ಮಾಡತಕ್ಕದ್ದು. ತಪಾಸಣೆ ಮುಗಿಯುವವರೆಗೆ ಮಾರ್ಪಾಡು ನಡೆದ ಸ್ಥಳಕ್ಕೆ ಮೊಹರು ಹಾಕತಕ್ಕದ್ದು.”

“ಗಾಡಿಗೆ ಹಾಕ್ರಿ ಮೇಡಂ, ಶೆಡ್ಡಿಗ್ಯಾಕ? ನನ್ನ ಪಾನಾ, ಜಾಕು, ವೆಲ್ಡಿಂಗ್ ಮಿಷನ್ ಎಲ್ಲಾ ಒಳಗದಾವು.”

“ಗಾಡಿ ಧಣೇರ್ದು,” ಎಂದರು ಸಾವಂತ್ರಮ್ಮ. ಅದಕ್ಕಿಂತ ಸ್ಪಷ್ಟವಾಗಿ ಯಾರೂ ನಿಯಮವನ್ನು ವಿವರಿಸಲಾರರು.

ಶೆಡ್ಡಿಗೆ ಅರಗಿನ ಮೊಹರು ಬಿತ್ತು. ಗಾಡಿ ಹೊರಗೆ ಬೇವಿನ ನೆರಳಲ್ಲಿ ನಿಂತಿತು. ದಾವಲಸಾಬ್ ಅದರ ಪಕ್ಕ, ಧಣಿಯ ಸ್ಟೂಲಿನ ಮೇಲೆ ಕೂತ.

ರಸ್ತೆಯಿಲ್ಲದ ದಾರಿ ಯಾವುದೆಂದು ಬರೆದುಕೊಡಬೇಕಾದವರು ಮಾರ್ಗ ದಾಖಲಾತಿ ಕಚೇರಿಯವರು. ಅಲ್ಲಿನ ಗುಮಾಸ್ತ ಗಾದೆಪ್ಪ ಮೂವತ್ತು ವರ್ಷದಿಂದ ರಸ್ತೆಗಳನ್ನು ವಹಿಯಲ್ಲಿ ನೋಡಿಕೊಂಡು ಬಂದವರು. ತೀರ ಅಗತ್ಯ ಬಿದ್ದರೆ ಮಾತ್ರ ಹೊರಗೆ ನೋಡುತ್ತಿದ್ದರು. ಅಗತ್ಯ ಬಿದ್ದಿತು, ಕುರುಗೋಡು ದಾರಿಯಲ್ಲಿ ಒಂದು ಕಡೆ ಜೀಪು ನಿಲ್ಲಿಸಿ ಅವರು, ಸಾವಂತ್ರಮ್ಮ, ದಾವಲಸಾಬ್ ಮೂವರೂ ಇಳಿದರು. ಧೂಳು ಗಾದೆಪ್ಪನವರ ಪ್ಯಾಂಟಿನ ಮಡಿಕೆ ದಾಟಿತು.

“ಇಲ್ಲಿ ಓಡಿಸೋಣ್ರಿ,” ಎಂದ ದಾವಲಸಾಬ್. “ಇದಕ್ಕಿಂತ ರಸ್ತೆಯಿಲ್ಲದ ಜಾಗ ಬೇಕಾ?”

ಗಾದೆಪ್ಪ ವಹಿ ತೆಗೆದರು. “ಇಲ್ಲಿ ಮೂರು ಸಲ ಡಾಂಬರು ಬಿದ್ದೈತಿ ಸಾಬ್ರ. ನಾವೀಗ ಮೂರನೇ ಪದರದ ಮ್ಯಾಲ ನಿಂತೀವಿ.”

“ನಾ ಹೂತುಹೋಗೀನಲ್ರಿ.”

“ಪದರ ಮೆತ್ತಗೈತಿ.”

ಸಿರುಗುಪ್ಪದ ಕಡೆ ಹೋದರು. ಅಲ್ಲಿ ಗುಂಡಿಯೊಂದರಲ್ಲಿ ಲಾರಿ ಅರ್ಧ ಮುಳುಗಿ, ಅದರ ಡ್ರೈವರು ಟಾಪಿನ ಮೇಲೆ ಒಲೆ ಹೂಡಿ ಅನ್ನ ಬೇಯಿಸುತ್ತಿದ್ದ. ವಹಿಯಲ್ಲಿ ಅದು ದ್ವಿಪಥವಾಗಿತ್ತು. ಕೆಂಚನಗುಡ್ಡದ ಹತ್ತಿರ ದಾರಿಯೇ ಸಿಗದೆ ಕುರಿ ಕಾಯುವವನನ್ನು ಕೇಳಿಕೊಂಡು ಹೋದರು. ಅಲ್ಲಿ ರಸ್ತೆಯ ಎರಡೂ ಬದಿ ಗಿಡ ನೆಟ್ಟದ್ದಕ್ಕೂ ದಾಖಲೆಯಿತ್ತು. ಯಾರದಾದರೂ ಹೊಲದಲ್ಲಿ ಓಡಿಸಿಬಿಡೋಣ ಎಂದು ದಾವಲಸಾಬ್ ಅಂದದ್ದಕ್ಕೆ ಸಾವಂತ್ರಮ್ಮ ಒಪ್ಪಲಿಲ್ಲ. ಹೊಲದಲ್ಲಿ ಓಡಿಸಿದರೆ ಅದು ಉಳುಮೆ. ಬೇರೆ ಇಲಾಖೆಯ ವಿಷಯ.

ಹೀಗೆ ಇಪ್ಪತ್ತೆರಡು ದಿನ ಕಳೆದವು. ದಾವಲಸಾಬನ ಗಿರಾಕಿಗಳು ಒಬ್ಬೊಬ್ಬರಾಗಿ ಬೈಪಾಸಿನ ಹೊಸ ಗ್ಯಾರೇಜಿನ ಕಡೆ ತಿರುಗಿದರು. ಇನ್ನೊಂದು ವಾರ ಹೀಗೇ ಆದರೆ ಶೆಡ್ಡಿನ ಮೊಹರು ತೆಗೆದರೂ ಒಳಗೆ ಮಾಡಲು ಕೆಲಸ ಇರುವುದಿಲ್ಲ ಎಂಬುದು ಅವನಿಗೆ ತಿಳಿಯಿತು. ಅಪ್ಪ ಕಟ್ಟಿದ ಶೆಡ್ಡು. ಆ ಕಸುಬು ಬಿಟ್ಟರೆ ಅವನಿಗೆ ಬರುತ್ತಿದ್ದದ್ದು ಚಹಾ ಕುಡಿಯುವುದೊಂದೇ.

ಆಗ ಅವನಿಗೆ ಬಾದನಹಟ್ಟಿ ನೆನಪಾಯಿತು. ಅದು ತಂಗಿ ಮದಾರಬೀಯನ್ನು ಕೊಟ್ಟ ಊರು. ಹೋದ ವರ್ಷ ಊರಿನವರು ಅರ್ಜಿ ಕೊಟ್ಟು ಕೊಟ್ಟು ಬೇಸತ್ತು, ಟ್ರ್ಯಾಕ್ಟರಿನಲ್ಲಿ ಜಲ್ಲಿ ಹೊತ್ತು, ಮನೆಗೊಬ್ಬರಂತೆ ನಿಂತು, ಕಾಲುವೆ ಬದಿಗೆ ತಾವೇ ಎರಡು ಕಿಲೋಮೀಟರು ಡಾಂಬರು ಹಾಕಿಕೊಂಡಿದ್ದರು. ಯಾವ ಕಚೇರಿಯೂ ಕೈ ಹಾಕಿರಲಿಲ್ಲ, ರಸ್ತೆ ಚೆನ್ನಾಗಿತ್ತು. ಮದಾರಬೀಯ ಗಂಡ ಮೊಪೆಡ್ಡಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಒಂದು ಹನಿ ಚೆಲ್ಲದೆ ಕುರುಗೋಡು ಮುಟ್ಟುತ್ತಿದ್ದ. ಹೇಳಬೇಕೋ ಬೇಡವೋ ಎಂದು ದಾವಲಸಾಬ್ ಒಂದು ಬೆಳಗು ಪೂರ್ತಿ ಮೊಹರು ನೋಡುತ್ತ ಕೂತ. ಮಧ್ಯಾಹ್ನ ಎದ್ದು ಗಾದೆಪ್ಪನವರ ಕಚೇರಿಗೆ ಹೋದ.

“ಬಾದನಹಟ್ಟಿ ಕಾಲುವಿ ದಾರಿ ನಿಮ್ಮ ವಹಿಯೊಳಗ ಹೆಂಗೈತಿ ನೋಡ್ರಿ.”

ಗಾದೆಪ್ಪ ನೋಡಿದರು. ಹಾಳೆ ತಿರುವಿ ಮತ್ತೆ ನೋಡಿದರು. ಅವರ ಮುಖದಲ್ಲಿ ಮೂವತ್ತು ವರ್ಷದಲ್ಲಿ ಕಾಣದ ಬೆಳಕು ಬಂತು. “ಏನೂ ಇಲ್ರಿ ಸಾಬ್ರ. ಮಂಜೂರಿಲ್ಲ, ಡಾಂಬರಿಲ್ಲ, ಜಲ್ಲೀನೂ ಇಲ್ಲ. ಇಂಥಾ ಹಾಳು ದಾರಿ ಈ ಸೀಮ್ಯಾಗ ಇನ್ನೊಂದಿಲ್ಲ.”

ತಪಾಸಣೆ ಮರುದಿನವೇ ನಡೆಯಿತು. ಹನುಮೇಶ್ ಹಿಂದಿನ ಸೀಟಿನಲ್ಲಿ, ಸಾವಂತ್ರಮ್ಮ ಮುಂದೆ, ದಾವಲಸಾಬ್ ಸ್ಟೇರಿಂಗಿಗೆ. ಕನ್ನಡಿಯಂಥ ಡಾಂಬರಿನ ಮೇಲೆ ಗಾಡಿ ಹೋಗಿ ಬಂತು. ಸಾವಂತ್ರಮ್ಮ ಸೀಟಿನಲ್ಲೇ ವರದಿ ಬರೆದರು. ಅಕ್ಷರ ಸಹ ಅಲುಗಲಿಲ್ಲ.

“ರಸ್ತೆಯೇ ಇಲ್ಲದ ಅತ್ಯಂತ ದುರ್ಗಮ ದಾರಿಯಲ್ಲಿ ವಾಹನವು ಹೊಟ್ಟೆಯ ನೀರು ಅಲುಗದಂತೆ ಚಲಿಸಿದ್ದು, ಮಾರ್ಪಾಡು ಮಾಡಿದವರ ಕೈಚಳಕ ಶ್ಲಾಘನೀಯ.”

ಹನುಮೇಶ್ ಕಣ್ಣು ಉಜ್ಜಿಕೊಂಡ. “ನೋಡು ಸಾಬಾ, ಇಷ್ಟು ಗಾಡಿ ತಗೊಂಡೀನಿ, ಇವತ್ತು ಮೊದಲ್ನೇ ಸಲ ನಿದ್ದಿ ಬಂತು.”

ಶೆಡ್ಡಿನ ಮೊಹರು ಒಡೆಯಿತು. ದಾವಲಸಾಬ್ ಪಾನಾಗಳನ್ನು ಒಂದೊಂದಾಗಿ ಒರೆಸಿ ಗೋಡೆಗೆ ತೂಗು ಹಾಕಿದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ವರದಿಯನ್ನು ಗಾದೆಪ್ಪ ಓದಿದರು. ಜೊತೆಗೆ ಲಗತ್ತಿಸಿದ ಫೋಟೋ ನೋಡಿದರು. ರಸ್ತೆಯಿಲ್ಲದ ದಾರಿಯ ಮೇಲೆ ಕಪ್ಪಗೆ ಏನೋ ಕಾಣುತ್ತಿತ್ತು. ಹತ್ತನೇ ದಿನ ಬಾದನಹಟ್ಟಿಯ ಪಂಚಾಯಿತಿ ಕಟ್ಟೆಗೆ ಒಂದು ಪ್ರಕಟಣೆ ಅಂಟಿತು.

“ಈ ಮೂಲಕ ಗ್ರಾಮಸ್ಥರಿಗೆ ತಿಳಿಯಪಡಿಸುವುದೇನೆಂದರೆ, ಸದರಿ ದಾರಿಯು ರಸ್ತೆಯಿಲ್ಲದ ದಾರಿಯೆಂದು ಸ್ಥಳ ತಪಾಸಣೆಯಿಂದ ಸಾಬೀತಾಗಿರುತ್ತದೆ. ಅದರ ಮೇಲೆ ಅನಧಿಕೃತವಾಗಿ ರಸ್ತೆಯೊಂದು ಒತ್ತುವರಿ ಮಾಡಿಕೊಂಡಿರುವುದು ಕಂಡುಬಂದಿದೆ. ಏಳು ದಿನದೊಳಗೆ ರಸ್ತೆಯು ತನ್ನಷ್ಟಕ್ಕೆ ತೆರವಾಗದಿದ್ದಲ್ಲಿ ಕಚೇರಿಯೇ ತೆರವುಗೊಳಿಸುವುದು.”

ರಸ್ತೆ ತೆರವಾಗಲಿಲ್ಲ. ಎಂಟನೇ ದಿನ ಎರಡು ಜೆಸಿಬಿ ಬಂದವು. ಅವು ಹನುಮೇಶನವು; ಸಮಾಜಸೇವೆಯೆಂದು ಬಾಡಿಗೆಯಿಲ್ಲದೆ ಕಳಿಸಿದ್ದ. ದಾವಲಸಾಬ್ ಆ ಸುದ್ದಿಯನ್ನು ಟಿಪ್ಪರಿನ ಕೆಳಗೆ ಮಲಗಿ ಕೇಳಿದ. ಬಹಳ ಹೊತ್ತು ಆಚೆ ಬರಲಿಲ್ಲ. ತಂಗಿಯ ಮನೆಗೆ ಆಮೇಲೆ ಎರಡು ತಿಂಗಳು ಹೋಗಲೂ ಇಲ್ಲ.

ಕೊನೆಗೆ ಮದಾರಬೀಯೇ ಬಂದಳು. ಜೊತೆಗೆ ಗಂಡನ ಮೊಪೆಡ್ಡನ್ನು ಮೂರು ಗಾಲಿಯ ಟಂಟಂ ಗಾಡಿಯಲ್ಲಿ ಹೇರಿಸಿಕೊಂಡು ಬಂದಿದ್ದಳು. ದಾವಲಸಾಬ್ ಬಟ್ಟೆಯಿಂದ ಕೈಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿಕೊಂಡ.

“ರಸ್ತಾ ತೋರಿಸಿಕೊಟ್ಟವ್ರು ಯಾರಂತ ಗೊತ್ತಾತೇನು ಮದಾರಬೀ?”

“ಗೊತ್ತಾಗಿಲ್ಲ ಭಾಯ್. ಊರವ್ರು ಹುಡುಕಾಕತ್ಯಾರ.”

“ಹೊಡ್ಯಾಕ?”

“ಹಾರ ಹಾಕಾಕ.” ಅವಳು ಸ್ಟೂಲಿನ ಮೇಲೆ ಕೂತಳು. “ಈಗ ನಮ್ದು ಸರ್ಕಾರಿ ಹಾಳು ದಾರಿ. ಬೋರ್ಡ್ ಹಾಕ್ಯಾರ. ಐತ್ವಾರ ಬಳ್ಳಾರಿ ಧಣೇರು ದೊಡ್ಡ ದೊಡ್ಡ ಗಾಡಿ ತಂದು ಹೊರಳಾಡಿ ಹೋಗ್ತಾರ, ನಾ ಮಿರ್ಚಿ ಭಜಿ ಮಾಡಿ ಮಾರ್ತೀನಿ. ಗುಂಡಿ ಯಾರೂ ಮುಚ್ಚಬಾರ್ದಂತ ಕಾಯಾಕ ಆರು ಮಂದಿ ತಗೊಂಡಾರ. ನಮ್ಮ ಮನಿಯವ್ರಿಗೂ ಸಿಕ್ತು. ಗುಂಡಿ ಕಾವಲುಗಾರ. ಡ್ರೆಸ್ಸೂ ಕೊಟ್ಟಾರ.”

“ಹಾಲು?”

“ಹಾಲು ಹಾಕೋದು ಬಿಟ್ವಿ. ಕುರುಗೋಡು ಮುಟ್ಟೂದ್ರಾಗ ಬೆಣ್ಣಿ ಆಗ್ತಿತ್ತು.”

ದಾವಲಸಾಬ್ ಮೊಪೆಡ್ಡನ್ನು ನೋಡಿದ. ಹೊಟ್ಟೆಯಡಿ ಪೂರಾ ಕೆರೆದುಹೋಗಿತ್ತು.

“ಇದಕ್ಕೇನಾಗ್ಬೇಕು?”

“ಡ್ಯೂಟಿಗೆ ಹೋಗಾಕ ಆಗವಲ್ದು ಭಾಯ್. ಅವ್ರು ಕಾಯೋ ಗುಂಡಿಯೊಳಗ ದಿನಾ ಅವ್ರ ಬೀಳ್ತಾರ. ಹಾಜರಿ ತಪ್ಪಿದ್ರ ನೌಕ್ರಿ ಹೋಗ್ತೈತಿ. ಸ್ವಲ್ಪ ಎತ್ತಿ ಕೊಡು.”

“ಎಷ್ಟು ಎತ್ಲಿ?”

“ನಾಕಿಂಚು ಸಾಕು,” ಎಂದಳು ಮದಾರಬೀ. “ಉಳ್ದ ಐದು ಮಂದೀನೂ ನಾಳಿ ಬರ್ತಾರ.”

ದಾವಲಸಾಬ್ ಟೇಪು ತೆಗೆದು ಅಳತೆ ಹಿಡಿದ.