ಚಿಕ್ಕಪ್ಪನ ಕೈಗೆ ಹೊಂದದ ಜೋಡುನಳಿಗೆ

ನಮ್ಮ ಚಿಕ್ಕಪ್ಪನ ಹತ್ತಿರ ಜೋಡುನಳಿಗೆ ಕೋವಿ ಇದೆ ಅಂತ ಯಾರೂ ಹೆದರಬೇಕಾಗಿಲ್ಲ. ಅದು ಸಿಡಿದರೆ ಬೀದಿಯಲ್ಲಿ ಮೊದಲು ಓಡುವವರು ಅವರೇ. ದೀಪಾವಳಿಗೆ ಪಕ್ಕದ ಮನೆಯವರು ಆನೆಪಟಾಕಿ ಹಚ್ಚಿದರೆ ಬಚ್ಚಲುಮನೆ ಸೇರಿಕೊಳ್ಳುವ ಜೀವ ಅದು.

ಚಿಕ್ಕಮ್ಮ ತೀರಿಕೊಂಡ ಮೇಲೆ ಅವರನ್ನು ಪದ್ಮನಾಭನಗರದ ನಮ್ಮನೆಗೆ ಕರೆತಂದೆ. ಕೋವಿಯೂ ಬಂತು. ಅಂದಿನಿಂದ ನನ್ನ ಮೈಯೆಲ್ಲ ಉರಿ. ಮನೆಮಂದಿ ಒಟ್ಟಿಗೆ ಎಲ್ಲಿಗಾದರೂ ಹೋಗಿದ್ದೇವೆಯೇ? ಅದೊಂದನ್ನೇ ಬಿಟ್ಟು ಹೋಗೋದು ಹೇಗೆ ಅಂತಾರೆ. ಆಯುಧಪೂಜೆಯಲ್ಲಿ ನನ್ನ ಸ್ಕೂಟರಿಗೆ ಒಂದು ನಿಂಬೆಹಣ್ಣು, ಕೋವಿಗೆ ಮಾರುದ್ದ ಸೇವಂತಿಗೆ, ಮೇಲೆ ಮೂರು ಪಟ್ಟೆ ವಿಭೂತಿ.

ಚುನಾವಣೆ ಬಂದರೆ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಲ್ಲ? ನನ್ನ ಒಳ್ಳೆಯ ಸೊಲ್ಲಾಪುರ ಚಾದರದಲ್ಲೇ ಸುತ್ತಿಕೊಂಡು ಹೋದರು. ಚಾದರ ಠಾಣೆಯಲ್ಲೇ ಉಳಿಯಿತು. ಇವರು ಮಾತ್ರ ದಿನಾ ಹೋಗಿ, "ಆ ರೂಮಲ್ಲಿ ತೇವ ಇಲ್ಲ ತಾನೇ ಸಾರ್?" ಅಂತ ವಿಚಾರಿಸೋದು.

ಕಾನ್‌ಸ್ಟೇಬಲ್ ಕೊನೆಗೆ, "ಊಟ ಮಾಡಿ ಮಲಗಿದೆ ಅಂಕಲ್. ಎಬ್ಬಿಸ್ಬೇಡಿ, ಮನೆಗ್ ಹೋಗಿ" ಅಂದರಂತೆ.

ಈ ತಿಂಗಳು ಲೈಸೆನ್ಸ್ ಮುಗಿಯುತ್ತಿತ್ತು. ಇದೇ ಸಮಯ ಅಂತ ಪಟ್ಟು ಹಿಡಿದೆ. "ಮನೇಲಿ ಅದಿರ್ಬೇಕು, ಇಲ್ಲಾ ನಾನಿರ್ಬೇಕು. ಕೊಟ್ಬಿಡಿ."

ಚಿಕ್ಕಪ್ಪ ಬಹಳ ಹೊತ್ತು ಯೋಚಿಸಿದರು. ಇದರಲ್ಲಿ ಯೋಚಿಸೋಕೆ ಏನಿದೆ ಅಂತ ನನಗೆ ಇನ್ನಷ್ಟು ಸಿಟ್ಟು ಬಂತು.

ಕೊನೆಗೆ ಒಪ್ಪಿದರು, ಇಬ್ಬರೂ ಮಾರಲು ಒಯ್ದೆವು. ಕೋವಿ ಅಂಗಡಿಯವರು ಅದನ್ನು ಭುಜಕ್ಕಿಟ್ಟು ನೋಡಿ, ಮರದ ಹಿಡಿಯ ಮೇಲೆ ಕೈಯಾಡಿಸಿದರು. "ಹಿಡಿ ಗಿಡ್ಡ ಆಯ್ತಲ್ಲ ಸಾರ್. ನಿಮ್ಮಂಥ ಉದ್ದಾಳಿಗೆ ಇದು ಹೊಂದೋದೇ ಇಲ್ಲ. ಯಾರು ಆರಿಸಿದ್ದು?"

"ನಾನೇ."

ನನಗೆ ತಡೆಯಲಾಗಲಿಲ್ಲ. "ಒಂದು ಅಂಗಿ ತಗೊಳ್ಳೋಕೆ ಜಯನಗರದ ಅಂಗಡಿ ಎಲ್ಲಾ ಹತ್ತಿಳೀತೀರಿ. ಇದನ್ನ ಅಳತೆ ನೋಡಿ ತಗೊಳ್ಳೋಕ್ ಆಗ್ಲಿಲ್ವಾ?"

"ನೋಡೇ ತಗೊಂಡೆ ಕಣಮ್ಮ," ಅಂದರು ಮೆಲ್ಲಗೆ. "ಅಂಗಡೀಲಿದ್ದ ಒಂದೊಂದನ್ನೂ ನಿನ್ನ ಚಿಕ್ಕಮ್ಮನ ಭುಜಕ್ಕಿಟ್ಟು ನೋಡ್ದೆ. ಇದೊಂದೇ ಸರಿಹೋಗಿದ್ದು. ಅಂಜನಾಪುರದ ಹೊಲಕ್ಕೆ ಹಂದಿ ನುಗ್ಗಿದ್ರೆ ಗಾಳಿಗೆ ಹೊಡೀತಿದ್ದೋಳು ಅವಳು. ನಾನು ಕಿವಿ ಮುಚ್ಕೊಂಡು ಅವಳ ಬೆನ್ನಿಗೆ ನಿಂತಿರ್ತಿದ್ದೆ."

ಹಿಡಿಯ ಒಂದು ಕಡೆ ಮರ ಸವೆದು ನುಣುಪಾಗಿತ್ತು. ಕೆನ್ನೆ ಒತ್ತುವ ಜಾಗ. ಚಿಕ್ಕಪ್ಪ ಅದನ್ನು ಪಂಚೆಯ ಚುಂಗಿನಿಂದ ಒರೆಸಿ, ಅಂಗಡಿಯವರ ಕಡೆಗೆ ನೂಕಿದರು. "ತಗೊಳ್ಳಿ."

ನಾನೇ ಎಳೆದುಕೊಂಡೆ.

ಮಾರನೆಯ ದಿನ ಲೈಸೆನ್ಸ್ ನವೀಕರಣಕ್ಕೆ ಅವರ ಜೊತೆ ಸರದಿಯಲ್ಲಿ ನಿಂತಾಗಲೂ ನನ್ನ ಸಿಟ್ಟು ಇಳಿದಿರಲಿಲ್ಲ. "ಇನ್ನೊಂದ್ಸಲ ಅದನ್ನ ನನ್ನ ಚಾದರದಲ್ಲಿ ಸುತ್ತಿದ್ರೆ ನೋಡಿ," ಅಂತ ಗದರಿದೆ. "ಚಿಕ್ಕಮ್ಮನ ಶಾಲು ನನ್ನ ಬೀರುವಲ್ಲಿದೆ. ಕೇಳಿದ್ರೆ ಕೊಡ್ತಿರ್ಲಿಲ್ವಾ?"