ಮುಖ ನೋಡಿ ಕೊಟ್ಟ ಕೆಲಸ

ಸುಳ್ಳೆನ್ನುವವರು ವೆಲ್ಡರ್ ಇದ್ದ ಕಟ್ಟಡದ ಮೆಟ್ಟಿಲನ್ನೇ ಕೇಳಬಹುದು. ಇದು ನಡೆದ ಸಂಗತಿ.

ಎಲ್ಲಕ್ಕೂ ಕಾರಣ ವೆಲ್ಡರನ ಬೆರಳು. ವರ್ಷಗಟ್ಟಲೆ ಕಬ್ಬಿಣ ಬೆಸೆದು ಅವು ಎಷ್ಟು ಜಡ್ಡುಗಟ್ಟಿದ್ದವೆಂದರೆ, ಫೋನಿನ ಗಾಜು ಅವನ್ನು ಬೆರಳೆಂದೇ ಒಪ್ಪುತ್ತಿರಲಿಲ್ಲ. ವರ್ಕ್‌ಶಾಪ್ ಮುಚ್ಚಿದ ಮೇಲೆ ಹೆಂಡತಿಯ ದುಡಿಮೆಯಲ್ಲೇ ಮನೆ ನಡೆಯುತ್ತಿತ್ತು. ಹೊಸ ಕಾರ್ಖಾನೆಗೆ ಕೆಲಸ ಕೇಳಲು ಹೋದರೆ ಗೇಟಿನವನು, "ಇಲ್ಲಿ ಯಾಕೆ ನಿಂತ್ಕೊಂಡ್ರಿ? ಅರ್ಜಿ ಆ್ಯಪಲ್ಲಿ ಹಾಕಿ. ಇವತ್ತು ಐದು ಗಂಟೆಗೆ ಕ್ಲೋಸು" ಎಂದು ಕಳಿಸಿದ್ದ. ವೆಲ್ಡರನ ಬಳಿ ಇದ್ದದ್ದು ಗುಂಡಿ ಒತ್ತುವ ಫೋನು.

ಎದುರುಮನೆಯ ಟೈಲರ್ ಅಕ್ಕ ತನ್ನ ಫೋನು ಕೊಟ್ಟಳು. ಅದು ಅಕ್ಕನ ಮುಖ ಕಂಡರಷ್ಟೇ ತೆರೆಯುತ್ತಿತ್ತು. ಸಿಗ್ನಲ್ ಸಿಗುವುದು ಮೆಟ್ಟಿಲ ಕಿಟಕಿಯಲ್ಲಿ ಮಾತ್ರ. ಅಲ್ಲಿ ಮೇಲಿನ ಮಹಡಿಯ ತಾತ ಎರಡೂ ಕೈಯಲ್ಲಿ ಫೋನನ್ನು ಗಾಯಗೊಂಡ ಪಾರಿವಾಳದಂತೆ ಹಿಡಿದು ನಿಂತ.

ವೆಲ್ಡರ್ ಒತ್ತಿದ. ಮತ್ತೂ ಒತ್ತಿದ. ತನ್ನನ್ನು ಯಾರೂ ಮುಟ್ಟುತ್ತಿಲ್ಲವೆಂದುಕೊಂಡ ಫೋನು ನಿದ್ದೆಹೋಯಿತು.

"ಅಕ್ಕಾ, ಮುಖ."

ಬಾಗಿಲಲ್ಲೇ ಹೊಲಿಯುತ್ತಿದ್ದ ಅಕ್ಕ ಎದ್ದು ಬಂದಳು. "ತಗೋ ನೋಡ್ಲಿ. ಬೇಗ ಮುಗ್ಸಪ್ಪಾ, ಸಂಜೆಗೆ ಪ್ಯಾಂಟು ಕೊಡ್ಬೇಕು."

ಹೆಸರು ಮುಗಿಯುವುದರೊಳಗೆ ಅಕ್ಕನಿಗೆ ಎದ್ದೂ ಕೂತೂ ಸಾಕಾಯಿತು.

"ಮೂಗಲ್ಲಿ ಒತ್ತಿ ನೋಡೋ," ಎಂದ ತಾತ.

ಒತ್ತಿದ. ಫೋನು ಮಾತು ಕೇಳಿತು. ಬೆರಳಿನಿಂದ ಗಳಿಸಿದ ಅನುಭವವನ್ನೆಲ್ಲ ವೆಲ್ಡರ್ ಮರಕುಟಿಗನಂತೆ ಮೂಗಿನಿಂದ ಬರೆದು ಮುಗಿಸಿದ.

ಐದಕ್ಕೆ ಎರಡೇ ನಿಮಿಷ. ಫೋನು ವಾರ್ತೆ ಓದುವವಳ ದನಿಯಲ್ಲಿ, "ಭಾವಚಿತ್ರ ತೆಗೆಯಲಾಗುವುದು. ಕ್ಯಾಮೆರಾ ನೋಡಿ" ಎಂದಿತು. ವೆಲ್ಡರ್ ತಲೆ ಬಾಚಲು ಒಳಗೋಡಿದ. ಬರುವಷ್ಟರಲ್ಲಿ ಪರದೆ ಕಪ್ಪಾಗಿತ್ತು.

"ಅಕ್ಕಾ, ಮುಖ, ಬೇಗ, ಕೈ ಮುಗೀತೀನಿ."

ಅಕ್ಕ ಸೂಜಿ ಕಚ್ಚಿಕೊಂಡೇ ಬಂದು ಇಣುಕಿದಳು. ಫೋನು ತೆರೆಯಿತು. ಕೂಡಲೇ ಕ್ಲಿಕ್ಕೆಂದಿತು.

"ಅಭಿನಂದನೆಗಳು. ನಾಳೆ ಎಂಟಕ್ಕೆ ಕೆಲಸಕ್ಕೆ ಬನ್ನಿ. ಗೇಟಿನಲ್ಲಿ ಈ ಮುಖಕ್ಕೆ ಮಾತ್ರ ಪ್ರವೇಶ. ಒಂದು ಫೋನಿಗೆ ಒಂದೇ ಅರ್ಜಿ."

ಕೆಳಗೆ, ಸೂಜಿ ಕಚ್ಚಿಕೊಂಡ ಅಕ್ಕನ ಚಿತ್ರ, ಅದರಡಿ ತಿಂಗಳ ಸಂಬಳ.

ತಾತ ಕೈ ಇಳಿಸಿದ. "ಅಯ್ಯೋ, ತಪ್ಪಾಯ್ತಪ್ಪಾ," ಎನ್ನುತ್ತ ಅಕ್ಕ ಫೋನು ತೆಗೆದುಕೊಂಡಳು. ಸಂಬಳದ ಸಾಲಿನ ಹತ್ತಿರ ಅವಳ ಕಣ್ಣು ನಿಂತಿತು. ಇನ್ನೊಮ್ಮೆ ಓದಿಕೊಂಡಳು.

"ಅಲ್ವೋ, ವೆಲ್ಡಿಂಗೂ ಒಂಥರಾ ಹೊಲಿಗೇನೇ ಅಲ್ವಾ? ಬೆಳಗಾಗೋದ್ರೊಳಗೆ ಕಲಿಸ್ತೀಯಾ?"

ತಾತ ಕಿಸಕ್ಕೆಂದ. ಎಲ್ಲರಿಗಿಂತ ಜೋರಾಗಿ ನಕ್ಕವನು ವೆಲ್ಡರನೇ. ಗೋಡೆಗೊರಗಿ, ಕಣ್ಣೊರೆಸಿಕೊಂಡು, ಮೆಟ್ಟಿಲ ಮೇಲೆ ಕುಸಿದು ಕೂತು ನಕ್ಕ.

ಅಕ್ಕ ಮಾತ್ರ ನಗಲಿಲ್ಲ. ಅವಳು ಉತ್ತರಕ್ಕೆ ಕಾಯುತ್ತಿದ್ದಳು.