ಬರಿಗಾಲಲ್ಲಿ ಬೀಗರ ಮನೆಗೆ

ಬೀಗರಾಗಲಿರುವವರ ಮನೆಗೆ ಮೊದಲ ಸಲ ಹೋಗುವಾಗ ಮನುಷ್ಯನ ಮರ್ಯಾದೆ ಇರುವುದು ಅವನ ಶೂನಲ್ಲಿ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಹಾಗಾಗಿ ದುಬೈನ ದೊಡ್ಡ ಮಾಲ್‌ಗೆ ಹೋಗಿ, ಮುಖ ಕಾಣುವಷ್ಟು ಹೊಳೆಯುವ ಶೂ ತಂದೆ. ಹಾಕಿ ನೋಡಿದರೆ ಕಚ್ಚುತ್ತಿತ್ತು.

ಉಪಾಯ ಸಿಕ್ಕಿದ್ದು ನಮ್ಮ ಆಫೀಸಿನ ನೋರಾಳಿಂದ. ಐರ್ಲೆಂಡಿನವಳು. ಅವಳ ಅಜ್ಜಿಯ ಕಾಲದಲ್ಲಿ ಹಳ್ಳಿಯ ಮಕ್ಕಳೆಲ್ಲ ಬೇಸಿಗೆ ಪೂರ್ತಿ ಬರಿಗಾಲಂತೆ. ಭಾನುವಾರ ಚರ್ಚಿಗೆ ಹೊರಟಾಗಲೂ ಶೂ ಸವೆಯಬಾರದೆಂದು ಕೈಯಲ್ಲಿ ಹಿಡಿದು ನಡೆದು, ಹಳ್ಳದಲ್ಲಿ ಕಾಲು ತೊಳೆದು, ಚರ್ಚ್ ಹತ್ತಿರ ಬಂದಮೇಲೆ ಹಾಕಿಕೊಳ್ಳುತ್ತಿದ್ದರಂತೆ. ಎಂಥ ಬುದ್ಧಿವಂತ ಜನ! ನಾನೂ ಹಾಗೇ ಮಾಡತಕ್ಕದ್ದೆಂದು ನಿರ್ಣಯ ಕೈಗೊಂಡೆ.

ಮಗಳು ಅನನ್ಯಾ ಮೊದಲೇ ಬೇಡಿಕೊಂಡಿದ್ದಳು. "ಅಪ್ಪಾ, ಕಾರ್ತಿಕ್‌ನ ನಾನೇ ಇಷ್ಟಪಟ್ಟಿದ್ದೀನಿ. ಅವರಪ್ಪ ತುಂಬಾ ಸ್ಟ್ರಿಕ್ಟ್. ಇವತ್ತೊಂದಿನ ನಾರ್ಮಲ್ ಆಗಿರಿ, ಪ್ಲೀಸ್."

ನಾರ್ಮಲ್ ಆಗಿಯೇ ಅಬುಧಾಬಿ ತನಕ ಬರಿಗಾಲಲ್ಲಿ ಕಾರು ಓಡಿಸಿದೆ. ಅವರ ಬಿಲ್ಡಿಂಗ್ ಎದುರು ಪಾರ್ಕಿಂಗ್ ಸಿಗಲಿಲ್ಲ. ದೂರದಲ್ಲಿ ನಿಲ್ಲಿಸಿ, ಶೂ ಇದ್ದ ಚೀಲ ಹಿಡಿದು ಇಳಿಯಹೊರಟೆ.

"ಇಲ್ಲೇ ಹಾಕ್ಕೊಳ್ರೀ," ಅಂದಳು ಹೆಂಡತಿ ಸುಮಾ.

"ಸುಮ್ನಿರೇ. ಮಂಡ್ಯದ ಬಿಸಿಲಲ್ಲಿ ಬರಿಗಾಲಲ್ಲಿ ಸ್ಕೂಲಿಗೆ ಹೋದವನು ನಾನು."

"ಅದು ಮಂಡ್ಯ. ಇದು ಆಗಸ್ಟ್ ತಿಂಗಳ ಅಬುಧಾಬಿ."

ಟಾರಿನ ಮೇಲೆ ಕಾಲಿಟ್ಟೆ. ಐರ್ಲೆಂಡಿನ ಬೇಸಿಗೆ ಎಂದರೆ ನಮ್ಮ ಎ.ಸಿ. ಎಂಬುದನ್ನು ನೋರಾ ಹೇಳಿರಲಿಲ್ಲ. ಕಾದ ಹಂಚಿಗೆ ಚಿಮುಕಿಸಿದ ನೀರಿನ ಹಾಗೆ ಕುಣಿಯುತ್ತಾ ಓಡಿ, ಬಿಲ್ಡಿಂಗ್ ಪಕ್ಕದ ಹುಲ್ಲಿಗೆ ಹಾರಿದೆ. ಆಗಷ್ಟೇ ನೀರು ಬಿಟ್ಟಿದ್ದರು. ಪಾದ ತಣ್ಣಗಾಯಿತು, ಕಣಕಾಲಿನವರೆಗೆ ಕೆಸರೂ ಆಯಿತು. ಮೇಲೆ ಬಾಲ್ಕನಿಯಲ್ಲಿ ಹಿರಿಯರೊಬ್ಬರು ನಿಂತು ನೋಡುತ್ತಿದ್ದರು. ಅನನ್ಯಾ ಮುಖ ಮುಚ್ಚಿಕೊಂಡಳು. ಅವರು ಯಾರೆಂದು ನಾನು ಕೇಳಲಿಲ್ಲ.

ಲಿಫ್ಟಿನಲ್ಲಿ ಕೆಸರುಗಾಲನ್ನೇ ಶೂ ಒಳಗೆ ತುರುಕಿದೆ. ಕಣ್ಣಲ್ಲಿ ನೀರು ಬಂತು. ಶೂ ಮಾತ್ರ ಹೊಳೆಯುತ್ತಿತ್ತು. ಬಾಗಿಲು ತೆರೆದದ್ದು ಅದೇ ಬಾಲ್ಕನಿಯ ಹಿರಿಯರು, ಕಾರ್ತಿಕ್‌ನ ತಂದೆ.

"ಬನ್ನಿ ಬನ್ನಿ. ಶೂ ಅಲ್ಲೇ ಬಿಡಿ."

ಬಾಗಿಲ ಪಕ್ಕ ಚಪ್ಪಲಿಗಳ ಸಾಲಿತ್ತು. ನೋರಾಳ ಜನ ಒಳಗೆ ಹೋಗಲು ಶೂ ಹಾಕುತ್ತಿದ್ದರು, ನಮ್ಮ ಜನ ಒಳಗೆ ಹೋಗಲು ಬಿಚ್ಚುತ್ತಾರೆ. ಹುಟ್ಟಿದಾಗಿನಿಂದ ನಾನೂ ಈ ಜನರಲ್ಲೊಬ್ಬನಾಗಿದ್ದೂ ಇದು ನನಗೆ ಹೊಳೆದಿರಲಿಲ್ಲ.

ಬಿಚ್ಚಿದೆ. ಬಿಳಿ ಕಾರ್ಪೆಟ್ಟಿನ ಮೇಲೆ ನನ್ನ ಹೆಜ್ಜೆ ಸ್ಪಷ್ಟವಾಗಿ ಮೂಡಿತು.

"ಅಯ್ಯೋ, ಕಾಲಿಗೇನಾಯ್ತು?" ಅಂದರು ಕಾರ್ತಿಕ್‌ನ ತಾಯಿ.

"ಐರ್ಲೆಂಡಿಗೆ ಹೋಗಿ ಬಂದ್ರು," ಅಂದಳು ಸುಮಾ.

ಯಾರೂ ನಗಲಿಲ್ಲ. ಮಗಳ ಮುಖ ನೋಡಿ ನನಗೆ ನಿಜವಾಗಿಯೂ ಅಳು ಬಂತು. ಅವಳ ಮದುವೆಯನ್ನು ಕೈಯಾರೆ ಅಲ್ಲ, ಕಾಲಾರೆ ಹಾಳುಮಾಡಿದೆ ಅನ್ನಿಸಿತು. ಅಷ್ಟರಲ್ಲಿ ಕಾರ್ತಿಕ್ ಒಂದು ಟಬ್ಬಿನಲ್ಲಿ ತಣ್ಣೀರು ತಂದು, ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ತಾನು ನೆಲದ ಮೇಲೆ ಕೂತು ನನ್ನ ಕಾಲು ತೊಳೆಯತೊಡಗಿದ.

ಅವನ ತಂದೆ ಗಂಭೀರವಾಗಿ ನೋಡಿದರು. "ಏನ್ ಸ್ವಾಮಿ, ಮದುವೇಲಿ ಹೆಣ್ಣಿನ ತಂದೆ ಅಳಿಯನ ಕಾಲು ತೊಳೀಬೇಕು. ನೀವು ಉಲ್ಟಾ ಮಾಡ್ಸಿಬಿಟ್ರಲ್ಲ," ಅಂದು ಜೋರಾಗಿ ನಕ್ಕುಬಿಟ್ಟರು. ಅಳಿಯ ಅಂದಿದ್ದರು! ಅನನ್ಯಾ ನನ್ನ ಭುಜ ಹಿಂಡಿದಳು.

ವಾಪಸು ಹೊರಟಾಗ ಊದಿದ ಕಾಲಿಗೆ ಶೂ ಹಿಡಿಸಲಿಲ್ಲ. ಬೀಗರ ಬಾತ್‌ರೂಮ್ ಚಪ್ಪಲಿ ಮೆಟ್ಟಿ, ಹೊಸ ಶೂ ಕೈಯಲ್ಲಿ ಹಿಡಿದು ಮನೆ ಸೇರಿದೆ. ಒಂದು ಮಾತ್ರ ಒಪ್ಪಿಕೊಳ್ಳಲೇಬೇಕು, ಶೂ ಒಂದಿಷ್ಟೂ ಸವೆದಿರಲಿಲ್ಲ.